ಅಪ್‌ಡೇಟ್: ಕೊನೆಗೂ ಕಂಪಾಸ್ ಸಿಕ್ಕಿತು

ಕುಮಾರ ಪರ್ವತ ಚಾರಣಕ್ಕೆ ಯಾವ ಕಂಪಾಸ್ ಒಳ್ಳೆಯದು ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು. ಅಮೆರಿಕದಿಂದ ಭಾವ ತಂದುಕೊಟ್ಟದ್ದು ದುಬಾರಿಯದ್ದೇ. ಆದರೆ ಮಟ್ಟಸವಾಗಿ ಹಿಡಿದರೂ ಮುಳ್ಳಿನ ದಕ್ಷಿಣದ ತುದಿ ವಾಲಿ ತಳಕ್ಕೆ ತಾಗುತ್ತಿತ್ತು. ಕೆಟ್ಟಿರಲಿಲ್ಲ. ಅಲ್ಲಿ ಭೂಮಿಯ ಕಾಂತಸೆಳೆತ ಮುಳ್ಳಿನ ಉತ್ತರದ ತುದಿಯನ್ನು ಜಾಸ್ತಿ ಕೆಳಗೆಳೆಯುತ್ತದೆ, ಅದಕ್ಕೆ ತಕ್ಕಂತೆ ದಕ್ಷಿಣದ ತುದಿಗೆ ತೂಕ ಹೊಂದಿಸಿರುತ್ತಾರೆ. ನಮ್ಮಲ್ಲಿ ಆ ಎಳೆತ ತುಂಬಾ ಕಡಿಮೆ ಅಲ್ವಾ! ಹಾಗಾಗಿ ಗ್ಲೋಬಲ್ ನೀಡಲ್ (ಜಗತ್ತಿನ ಯಾವ ಭಾಗದಲ್ಲೂ ವಾಲದೆ ತಿರುಗುವ ಮುಳ್ಳು) ಇರುವ ಬೇಸ್‌ಪ್ಲೇಟ್ ಕಂಪಾಸ್, ಅಂದರೆ ನಕ್ಷೆಯ ಮೇಲಿಡಬಹುದಾದ ಪಾರದರ್ಶಕ ತಟ್ಟೆಯ ಕಂಪಾಸ್, ತೆಗೆದುಕೊಂಡೆ. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಸರಿಪಡಿಸುವ ಡಿಕ್ಲಿನೇಷನ್ ಸ್ಕ್ರೂಗೆ ಸುಮ್ನೆ ದುಡ್ಡು ಸುರಿಯಲಿಲ್ಲ, ಇಲ್ಲಿ ಆ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ.

ಚಾರಣದ ದಾರಿಯಲ್ಲಿ ಸಿಗುವ ಶೇಷ ಪರ್ವತದ ಹತ್ತಿರ ಮಂಜು ಕವಿದಾಗ ತೆಗೆದು ನೋಡಿದರೆ ಮುಳ್ಳು ಎತ್ತೆತ್ತಲೋ ತೋರಿಸುತ್ತಿದೆ! ಎದೆಯ ಜೇಬಿನಲ್ಲಿದ್ದ ಫೋನ್ ಕವರಿನ ಅಯಸ್ಕಾಂತದ ಕೆಲಸ. ಫೋನನ್ನು ಬ್ಯಾಗಿಗೆ ಹಾಕಿದೆ, ಮುಳ್ಳು ಸರಿಹೋಯಿತು.