ಏನೂ ತೆರೆದಿಲ್ಲ, ಆದರೂ ಸಿಪಿಯು ಸುಮ್ಮನಿಲ್ಲ: ಡೆಬಿಯನ್ 12, ಸಹಾಯ ಬೇಕು

ಹೊಸಬ_ಶಿರಸಿ · ರಾತ್ರಿ 8:47
ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಲ್ಯಾಪ್‌ಟಾಪ್. ನಾಲ್ಕು ಕೋರ್, ಎಂಟು ಥ್ರೆಡ್, 8 ಜಿಬಿ ರ‍್ಯಾಮ್. ಕಂಪನಿ ಹೆಸರು ಬೇಡ ಬಿಡಿ. ಕಳೆದ ವಾರ ಡೆಬಿಯನ್ 12 ಲಿನಕ್ಸ್ ಹಾಕಿದೆ, ಡೆಸ್ಕ್‌ಟಾಪ್ ಗ್ನೋಮ್. ಲಾಗಿನ್ ಆಗಿ ಏನೂ ತೆರೆಯದೆ ಬಿಟ್ಟರೂ ಫ್ಯಾನ್ ಮಿಕ್ಸಿ ಥರ ಕೂಗುತ್ತದೆ. ಸಿಸ್ಟಮ್ ಮಾನಿಟರ್ 12% ಅನ್ನುತ್ತದೆ. ಟರ್ಮಿನಲ್‌ನಲ್ಲಿ ಟಾಪ್ (ಏನೇನು ಓಡುತ್ತಿದೆ ಅಂತ ತೋರಿಸುವ ಕಮಾಂಡ್) ಹೊಡೆದರೆ ಮೊದಲ ಸಾಲಲ್ಲೇ 97%, ಹೆಸರು ಕೆವರ್ಕರ್/0:1+ಕೆಎಸಿಪಿಐಡಿ. ಬಲವಂತವಾಗಿ ನಿಲ್ಲಿಸಲು ಕಿಲ್ -9 ಕೊಟ್ಟೆ, ಸಾಯಲಿಲ್ಲ. ಲೋಡ್ ಆವರೇಜ್ 1.08. ನಾಲ್ಕು ಗಂಟೆ ಬರುತ್ತಿದ್ದ ಬ್ಯಾಟರಿ ಈಗ ಎರಡು ಗಂಟೆ. ನಿನ್ನೆ ರಾತ್ರಿ ಅಮ್ಮ ಎದ್ದು ಬಂದು, ಆ ಮಿಷನ್ ಆಫ್ ಮಾಡಿ ಮಲಗೋ ಅಂದರು. ಅದು ಬರೀ ಡೆಸ್ಕ್‌ಟಾಪ್ ಪರದೆ ತೋರಿಸುತ್ತಾ ಕೂತಿತ್ತು.

ಕೆಡಿಇ_ಕಿಟ್ಟಿ · 8:55
ಗ್ನೋಮ್ ಅಂದಿರಲ್ಲ, ಕಥೆ ಅಲ್ಲಿಗೇ ಮುಗಿಯಿತು. ಅದರಲ್ಲಿ ಟ್ರ್ಯಾಕರ್ ಅಂತ ಒಂದಿದೆ. ಹೋಮ್ ಫೋಲ್ಡರ್ ಪೂರ್ತಿ ಅಗೆದು ಇಂಡೆಕ್ಸ್ ಮಾಡುತ್ತದೆ. ಹೊಸದಾಗಿ ಹಾಕಿದ ವಾರದಲ್ಲಿ ಇದೇ ಗೋಳು. ಗ್ನೋಮ್ ಬದಲು ಕೆಡಿಇ ಡೆಸ್ಕ್‌ಟಾಪ್ ಪ್ಲಾಸ್ಮಾ ಹಾಕಿ, ಹಾಯಾಗಿರಿ.

ಟರ್ಮಿನಲ್_ತಾತ · 9:03
"ಪ್ಲಾಸ್ಮಾ ಹಾಕಿ" ಅನ್ನುವವರು ಅದರದೇ ಬಾಲೂ ವಿಷಯಕ್ಕೆ ಬಂದರೆ ಯಾಕೆ ಬಾಯಿ ಬಿಡುವುದಿಲ್ಲ? ಅದು ಮಾಡುವುದೂ ಇದೇ ಅಗೆತ. ಹೊಸಬರೇ, 12% ಮತ್ತು 97% ಎರಡೂ ನಿಜ. ಟಾಪ್‌ನಲ್ಲಿ 100% ಅಂದರೆ ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದೆ ಅಂತ. ನಿಮ್ಮಲ್ಲಿ ಎಂಟು ಇವೆ, ಒಟ್ಟು 800%. 97ನ್ನು ಎಂಟರಿಂದ ಭಾಗಿಸಿ, 12 ಬರುತ್ತದೆ. ಟಾಪ್ ಒಳಗೆ ಶಿಫ್ಟ್ ಜೊತೆ ಐ ಒತ್ತಿದರೆ ಅದೇ ಭಾಗಿಸಿ ತೋರಿಸುತ್ತದೆ.

ಕೆಡಿಇ_ಕಿಟ್ಟಿ · 9:08
ಬರೀ 12% ಅಂತ ಸಮಾಧಾನ ಮಾಡುವುದು ಸುಲಭ. ಲೋಡ್ ಆವರೇಜ್ ಕಾಣಲಿಲ್ಲವಾ? 1.08 ಇದೆ. ಅಂದರೆ ಸಿಪಿಯು 108% ದುಡಿಯುತ್ತಿದೆ. ಇದಕ್ಕಿಂತ ಜಾಸ್ತಿ ಏನು ಬೇಕು?

ಆರ್ಚ್_ಅಣ್ಣಪ್ಪ · 9:11
ಕಿಲ್ -9ಕ್ಕೂ ಸಾಯಲಿಲ್ಲ ಅಂದರೆ ಅದು ಕ್ರಿಪ್ಟೋ ಮೈನರ್. ಯಾರೋ ನಿಮ್ಮ ಕರೆಂಟ್‌ನಲ್ಲಿ ದುಡ್ಡು ಮಾಡುತ್ತಿದ್ದಾರೆ. ಫಾರ್ಮ್ಯಾಟ್ ಮಾಡಿ, ಆರ್ಚ್ ಲಿನಕ್ಸ್ ಹಾಕಿ.

ಸುಮ್ನೆ_ಓದುವವಳು · 9:14
ಮೊದಲ ಪೋಸ್ಟ್‌ನಲ್ಲೇ ಹೆಸರು ಇದೆಯಲ್ಲ? ಕೆಎಸಿಪಿಐಡಿ. ಇದು ಎಸಿಪಿಐ (ಪವರ್, ಬ್ಯಾಟರಿ, ಮುಚ್ಚಳ ನೋಡಿಕೊಳ್ಳುವ ವ್ಯವಸ್ಥೆ) ಕೆಲಸ ಮಾಡುವ ಕರ್ನಲ್ ಥ್ರೆಡ್, ಅಂದರೆ ಲಿನಕ್ಸ್‌ನ ತಿರುಳಿನದೇ ಭಾಗ. ಅದಕ್ಕೇ ಕಿಲ್ ಹತ್ತುವುದಿಲ್ಲ. ಟ್ರ್ಯಾಕರ್ ಆಗಿದ್ದರೆ ಟಾಪ್‌ನಲ್ಲಿ ಟ್ರ್ಯಾಕರ್ ಅಂತಲೇ ಬರುತ್ತಿತ್ತು. ಇಂಟರಪ್ಟ್, ಅಂದರೆ ಹಾರ್ಡ್‌ವೇರ್ ಕರೆಗಳ ಎಣಿಕೆ ನೋಡಬೇಕು.

ಟರ್ಮಿನಲ್_ತಾತ · 9:16
ನಾನು "ಬರೀ" ಅಂತ ಎಲ್ಲಿ ಬರೆದೆ? ತೋರಿಸಿ. ಇನ್ನು ಲೋಡ್ 1.08 ಅಂದರೆ ಸಿಪಿಯು 108% ಅಂತೆ! ತಮ್ಮಾ, ಲೋಡ್ ಅಂದರೆ ಓಡುತ್ತಿರುವ, ಸರದಿಗೆ ಕಾಯುತ್ತಿರುವ ಕೆಲಸಗಳ ಎಣಿಕೆ. ಎಂಟು ಥ್ರೆಡ್ ಇರುವ ಮಿಷನ್‌ನಲ್ಲಿ ಲೋಡ್ 8 ಆದರೂ ಎಲ್ಲರಿಗೂ ಕೂರಲು ಸೀಟು ಇದೆ. ಅದೂ ಅಲ್ಲದೆ ಲಿನಕ್ಸ್‌ನಲ್ಲಿ ಲೋಡ್ ಆವರೇಜ್ ಸಿಪಿಯು ಅಳತೆಯೇ ಅಲ್ಲ. ಡಿಸ್ಕ್‌ಗಾಗಿ ಕಾಯುತ್ತಾ ಡಿ ಸ್ಥಿತಿಯಲ್ಲಿ ಕೂತ ಪ್ರೋಸೆಸ್‌ಗಳೂ ಅದರಲ್ಲಿ ಸೇರುತ್ತವೆ.

ಕೆಡಿಇ_ಕಿಟ್ಟಿ · 9:19
ತಮ್ಮಾ ಗಿಮ್ಮಾ ಬೇಡ. ನಿಮ್ಮ ಮನೆಯ ತಮ್ಮ ಅಲ್ಲ ನಾನು. ಹತ್ತು ವರ್ಷದಿಂದ ಲಿನಕ್ಸ್ ಬಳಸುತ್ತಿದ್ದೇನೆ. ಲೋಡ್ ಜಾಸ್ತಿ ಆದಾಗಲೆಲ್ಲ ಸಿಪಿಯು ಜಾಸ್ತಿ ಆಗಿರುವುದನ್ನು ಕಣ್ಣಾರೆ ನೋಡಿದ್ದೇನೆ.

ರಾತ್ರಿಪಾಳಿ · 9:24
ನಾನು ನೋಡಿದ್ದು ಉಲ್ಟಾ. ಒಂದು ಸಲ ಕೆಲಸದ ಜಾಗದಲ್ಲಿ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ) ಸರ್ವರ್ ಸತ್ತುಹೋಗಿತ್ತು. ಅದನ್ನು ಮೌಂಟ್ ಮಾಡಿದ್ದ ಮಿಷನ್‌ನಲ್ಲಿ ಲೋಡ್ 40 ದಾಟಿತ್ತು, ಸಿಪಿಯು 98% ಖಾಲಿ. ಎಲ್ಲ ಪ್ರೋಸೆಸ್‌ಗಳೂ ಡಿ ಸ್ಥಿತಿಯಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದವು. ಮ್ಯಾನೇಜರ್ ಫೋನ್ ಮಾಡಿ, ಸಿಪಿಯು ಇನ್ನೊಂದು ಹಾಕಿಸೋಣವಾ ಅಂತ ಕೇಳಿದ್ದರು.

ಕೆಡಿಇ_ಕಿಟ್ಟಿ · 9:27
ಇದು ಸರ್ವರ್ ಅಲ್ಲ, ಡೆಸ್ಕ್‌ಟಾಪ್. ಅವರ ಮನೆಯಲ್ಲಿ ಎನ್‌ಎಫ್‌ಎಸ್ ಎಲ್ಲಿದೆ? ಸಂಬಂಧ ಇಲ್ಲದ ಉದಾಹರಣೆ ತಂದು ಗೆಲ್ಲಲು ನೋಡಬೇಡಿ.

ಟರ್ಮಿನಲ್_ತಾತ · 9:35
ಡೆಸ್ಕ್‌ಟಾಪ್‌ಗೆ ಬೇರೆ ಕರ್ನಲ್ ಬರೆದಿದ್ದಾರಾ? ಡಿ ಸ್ಥಿತಿಯವರನ್ನೂ ಲೋಡ್‌ಗೆ ಸೇರಿಸಿದ್ದು 1993ರಲ್ಲಿ ಮತ್ತಿಯಾಸ್ ಉರ್ಲಿಖ್ಸ್ ಕರ್ನಲ್‌ಗೆ ಕಳಿಸಿದ ಪ್ಯಾಚ್. ಅವರು ಕೊಟ್ಟ ಕಾರಣವೂ ಚೆನ್ನಾಗಿದೆ. ಸ್ವಾಪ್ ಡಿಸ್ಕ್ ತೆಗೆದು ಇನ್ನೂ ನಿಧಾನದ ಡಿಸ್ಕ್ ಹಾಕಿದರೆ ಮಿಷನ್ ತೆವಳುತ್ತದೆ, ಲೋಡ್ ಸಂಖ್ಯೆ ಮಾತ್ರ ಇಳಿಯುತ್ತದೆ. ಇದು ಎಡವಟ್ಟು ಅಲ್ವಾ, ಅದಕ್ಕೆ ಕಾಯುವವರನ್ನೂ ಎಣಿಸೋಣ ಅಂತ. ಬೇಕಾದರೆ ಕರ್ನಲ್‌ನ ಲೋಡ್‌ಎವಿಜಿ.ಸಿ ಫೈಲ್ ತೆರೆಯಿರಿ. ಮೇಲೇ ಬರೆದಿದ್ದಾರೆ: ಇದೊಂದು ಪೆದ್ದು ಸಂಖ್ಯೆ, ಆದರೂ ಜನ ಇದನ್ನು ಮುಖ್ಯ ಅಂದುಕೊಂಡಿದ್ದಾರೆ. ಬರೆದವರೇ ಪೆದ್ದು ಅಂದಿದ್ದಾರೆ. ಇನ್ನೇನು ಸಾಕ್ಷಿ ಬೇಕು?

ಆರ್ಚ್_ಅಣ್ಣಪ್ಪ · 9:37
ನನ್ನ ಮೈನರ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಹೆದರಿದಿರಾ?

ಕೆಡಿಇ_ಕಿಟ್ಟಿ · 9:41
ಅದರ ಮುಂದಿನ ಸಾಲು ಯಾಕೆ ನುಂಗಿದಿರಿ ಸ್ವಾಮಿ? ದೊಡ್ಡ ಮಿಷನ್‌ಗಳಲ್ಲೂ ಇದು ಸರಿಯಾಗಿ ಬರಲಿ ಅಂತ ತುಂಬಾ ಕಷ್ಟಪಟ್ಟಿದ್ದೇವೆ ಅಂತಲೂ ಅಲ್ಲೇ ಇದೆ. ಪೆದ್ದು ಸಂಖ್ಯೆಗೆ ಯಾರಾದರೂ ಅಷ್ಟು ಕಷ್ಟಪಡುತ್ತಾರಾ? ಅರ್ಧ ಸಾಲು ಓದಿ ಪಂಡಿತರಾದರೆ ಹೀಗೇ.

ಹೊಸಬ_ಶಿರಸಿ · 9:43
ಸರ್, ಟ್ರ್ಯಾಕರ್ ನಿಲ್ಲಿಸಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ. ಫ್ಯಾನ್ ಹಾಗೇ ಇದೆ. ಮೈನರ್ ಅಂದರೆ ಭಯ ಆಗುತ್ತಿದೆ. ಇದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ಮಾಡುತ್ತೇನೆ.

ರಾತ್ರಿಪಾಳಿ · 9:46
ಭಯ ಬೇಡ. ಪಿಎಸ್ ಕೊಟ್ಟು ನೋಡಿ. ಕರ್ನಲ್ ಥ್ರೆಡ್ ಹೆಸರು ಚೌಕ ಬ್ರಾಕೆಟ್ ಒಳಗೆ ಇರುತ್ತದೆ, ಅದನ್ನು ಹುಟ್ಟಿಸಿದ ಅಪ್ಪನ ಪಿಐಡಿ (ಪ್ರೋಸೆಸ್ ಸಂಖ್ಯೆ) 2.

ಆರ್ಚ್_ಅಣ್ಣಪ್ಪ · 9:48
ಬ್ರಾಕೆಟ್ ಹಾಕಿಕೊಳ್ಳಲು ಮೈನರ್‌ಗೂ ಬರುತ್ತದೆ. ಬ್ರಾಕೆಟ್ ನೋಡಿ ನಂಬುವವರಿಗೆ ದೇವರೇ ಗತಿ.

ರಾತ್ರಿಪಾಳಿ · 9:50
ಅದಕ್ಕೇ ಅಪ್ಪನ ಪಿಐಡಿ ಅಂದೆ. ಅರ್ಧ ಬಿಟ್ಟು ಓದಿದಿರಿ. ಅನುಮಾನ ಇದ್ದರೆ /ಪ್ರೋಕ್ ಫೋಲ್ಡರ್ ಒಳಗೆ ಆ ಪಿಐಡಿಯ ಎಕ್ಸಿ ಲಿಂಕ್ ನೋಡಿ. ನಿಜವಾದ ಕರ್ನಲ್ ಥ್ರೆಡ್‌ಗೆ ಅದು ಯಾವ ಫೈಲನ್ನೂ ತೋರಿಸುವುದಿಲ್ಲ. ಮೈನರ್ ಆದರೆ ಡಿಸ್ಕ್‌ನಲ್ಲಿರುವ ಯಾವುದೋ ಪ್ರೋಗ್ರಾಮ್ ತೋರಿಸುತ್ತದೆ.

ಹೊಸಬ_ಶಿರಸಿ · 9:56
ನೋಡಿದೆ. ಅಪ್ಪ 2. ಲಿಂಕ್ ಎಲ್ಲಿಗೂ ಹೋಗುವುದಿಲ್ಲ.

ಆರ್ಚ್_ಅಣ್ಣಪ್ಪ · 9:57
ಸದ್ಯಕ್ಕೆ ಇಲ್ಲ ಅನ್ನೋಣ. ಆದರೂ ಆರ್ಚ್ ಹಾಕಿ.

ಟರ್ಮಿನಲ್_ತಾತ · 10:02
"ಕಷ್ಟಪಟ್ಟಿದ್ದೇವೆ" ಅಂದ ಮಾತ್ರಕ್ಕೆ ಅದು ಸಿಪಿಯು ಪರ್ಸೆಂಟ್ ಆಗಿಬಿಡುತ್ತದಾ? ನಮ್ಮೂರಲ್ಲಿ ಬಾವಿಗೂ ಕಷ್ಟಪಟ್ಟಿದ್ದರು, ನೀರು ಬರಲಿಲ್ಲ. ಇನ್ನೊಂದು ವಿಷಯ. ಒಂದು ನಿಮಿಷದ ಲೋಡ್ ಅಂದರೆ ಒಂದು ನಿಮಿಷದ ಸರಾಸರಿಯೂ ಅಲ್ಲ. ಐದೈದು ಸೆಕೆಂಡಿಗೆ ಎಣಿಸಿ, ಹಳೆಯದನ್ನು ಸ್ವಲ್ಪ ಸ್ವಲ್ಪವೇ ಮರೆಯುತ್ತಾ ಹೋಗುವ ಲೆಕ್ಕ. ಖಾಲಿ ಮಿಷನ್‌ನಲ್ಲಿ ಒಂದು ಪ್ರೋಗ್ರಾಮ್ ಬಿಡದೆ ಓಡಿಸಿದರೂ ನಿಮಿಷದ ಕೊನೆಗೆ 1 ತೋರಿಸುವುದಿಲ್ಲ, 0.62ರ ಹತ್ತಿರ ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಆಗ ಸಿಪಿಯು 62% ಅಲ್ವಾ? ನಿಜಕ್ಕೂ ಆ ಥ್ರೆಡ್ 100% ಓಡುತ್ತಿರುತ್ತದೆ.

ಕೆಡಿಇ_ಕಿಟ್ಟಿ · 10:05
ನಿಮ್ಮೂರಿನ ಬಾವಿ ಕಥೆ ಇಲ್ಲಿ ಬೇಡ. ಹೊಸಬರ ಮಿಷನ್‌ನಲ್ಲಿ ಲೋಡ್ 1.08, ಒಂದು ಥ್ರೆಡ್ 97%. ಎರಡೂ ಪಕ್ಕಪಕ್ಕ ಇವೆ. ನನ್ನ ಲೆಕ್ಕ ಎಲ್ಲಿ ತಪ್ಪಿತು?

ಟರ್ಮಿನಲ್_ತಾತ · 10:06
ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿ.

ಕೆಡಿಇ_ಕಿಟ್ಟಿ · 10:07
ವಾದ ಸೋತಾಗ ಗಾದೆ ಬರುತ್ತದೆ. ಒಳ್ಳೆಯದು.

ಸುಮ್ನೆ_ಓದುವವಳು · 10:10
ಒಂದು ಗಂಟೆ ಆಯಿತು, ಇವರಿಬ್ಬರೂ ಪೆದ್ದು ಸಂಖ್ಯೆಗೆ ಹೊಡೆದಾಡುತ್ತಿದ್ದಾರೆ. ಹೊಸಬರೇ, /ಸಿಸ್/ಫರ್ಮ್‌ವೇರ್/ಎಸಿಪಿಐ/ಇಂಟರಪ್ಟ್ಸ್ ಫೋಲ್ಡರ್‌ಗೆ ಹೋಗಿ. ನಾನು ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್‌ನಲ್ಲೇ ಹೊಡೆಯಿರಿ. ಒಳಗೆ ಜಿಪಿಇ ಅಂತ ಶುರುವಾಗುವ ಫೈಲ್‌ಗಳು ಸಾಲಾಗಿವೆ. ಎಲ್ಲದರ ಸಂಖ್ಯೆ ನೋಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಯಾವುದು ಓಡುತ್ತಿದೆ ಹೇಳಿ.

ಹೊಸಬ_ಶಿರಸಿ · 10:19
ಬಹಳಷ್ಟು ಸೊನ್ನೆ. ಒಂದೆರಡರಲ್ಲಿ ನೂರರೊಳಗೆ. ಜಿಪಿಇ6ಎಫ್ ಒಂದರಲ್ಲಿ ಕೋಟಿ ದಾಟಿದೆ! ಹತ್ತು ಸೆಕೆಂಡಿನಲ್ಲಿ 60 ಸಾವಿರ ಏರಿತು. ಎಸ್‌ಸಿಐ, ಜಿಪಿಇ_ಆಲ್ ಅನ್ನುವ ಎರಡೂ ಅಷ್ಟೇ ಏರುತ್ತಿವೆ. ಅಂದರೆ ಮೂರು ಕೆಟ್ಟಿವೆಯಾ?

ಸುಮ್ನೆ_ಓದುವವಳು · 10:23
ಅವೆರಡೂ ಮೊತ್ತ, ಮುಟ್ಟಬೇಡಿ. ಕಳ್ಳ 6ಎಫ್ ಒಂದೇ. ಜಿಪಿಇ ಅಂದರೆ ಹಾರ್ಡ್‌ವೇರ್ ಕರ್ನಲ್‌ಗೆ ಬಾಗಿಲು ತಟ್ಟುವ ದಾರಿ. ಏನೋ ಬದಲಾಯಿತು ನೋಡು ಅಂತ ಒಂದು ಸಲ ತಟ್ಟಬೇಕು. ನಿಮ್ಮದರಲ್ಲಿ ಸೆಕೆಂಡಿಗೆ ಆರು ಸಾವಿರ ಸಲ ತಟ್ಟುತ್ತಿದೆ. ಪ್ರತಿ ಸಲವೂ ಆ ಕೆವರ್ಕರ್ ಪಾಪ ಎದ್ದು ಹೋಗಿ ಬಾಗಿಲು ತೆರೆಯುತ್ತದೆ. ಸಾಮಾನ್ಯವಾಗಿ ಬಯೋಸ್ ಬರೆದವರ ಎಡವಟ್ಟು. ರೂಟ್ (ಅಡ್ಮಿನ್) ಆಗಿ ಆ ಫೈಲ್‌ಗೆ ಮಾಸ್ಕ್ ಅನ್ನುವ ಪದ ಬರೆಯಿರಿ, ಸಾಕು.

ಆರ್ಚ್_ಅಣ್ಣಪ್ಪ · 10:24
ಬಯೋಸ್ ಎಡವಟ್ಟು ಅಂತ ನಾನೂ ಹೇಳಬೇಕೆಂದಿದ್ದೆ.

ಹೊಸಬ_ಶಿರಸಿ · 10:29
ಸುಡೋ ಹಾಕಿ ಎಕೋ ಕೊಟ್ಟೆ. ಪರ್ಮಿಷನ್ ಇಲ್ಲ ಅನ್ನುತ್ತಿದೆ. ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟಿದ್ದೇನೆ.

ರಾತ್ರಿಪಾಳಿ · 10:31
ಎಲ್ಲರೂ ಬೀಳುವ ಗುಂಡಿ ಅದು. ಸುಡೋ ಹತ್ತುವುದು ಎಕೋಗೆ ಮಾತ್ರ. ಬಾಣದ ಗುರುತು ಹಾಕಿ ಫೈಲ್‌ಗೆ ಬರೆಯುವ ಕೆಲಸ ನಿಮ್ಮ ಶೆಲ್‌ನದು, ಅದಕ್ಕೆ ರೂಟ್ ಹಕ್ಕು ಇಲ್ಲ. ಎಕೋ ಮಾಡಿದ್ದನ್ನು ಪೈಪ್ ಹಾಕಿ, ಸುಡೋ ಜೊತೆ ಟೀ ಅನ್ನುವ ಕಮಾಂಡ್‌ಗೆ ಕೊಡಿ.

ಹೊಸಬ_ಶಿರಸಿ · 10:36
ಅಬ್ಬಾ! ಎಂಟರ್ ಒತ್ತಿದ ಕೂಡಲೇ ಕೆವರ್ಕರ್ ಟಾಪ್‌ನ ಮೇಲಿನ ಸಾಲಿನಿಂದ ಮಾಯ. ಫ್ಯಾನ್ ನಿಧಾನವಾಗಿ ಇಳಿಯುತ್ತಿದೆ. ಲೋಡ್ ಮಾತ್ರ ಒಂದು ನಿಮಿಷ ಆದ ಮೇಲೂ 0.41 ಇದೆ. ಇನ್ನೂ ಏನಾದರೂ ಓಡುತ್ತಿದೆಯಾ?

ಕೆಡಿಇ_ಕಿಟ್ಟಿ · 10:38
ನೋಡಿದಿರಾ! ಸಿಪಿಯು ಇಳಿಯಿತು, ಲೋಡೂ ಇಳಿಯಿತು. ಸಂಬಂಧ ಇಲ್ಲ ಅಂದವರು ಎಲ್ಲಿದ್ದಾರೆ?

ಟರ್ಮಿನಲ್_ತಾತ · 10:40
ಇಲ್ಲೇ ಇದ್ದೇನೆ, ಎಲ್ಲೂ ಓಡಿಹೋಗಿಲ್ಲ. ಸಿಪಿಯು ಕೂಡಲೇ ಇಳಿಯಿತು, ಲೋಡ್ ಒಂದು ನಿಮಿಷ ಕಳೆದರೂ ಅರ್ಧದ ಹತ್ತಿರ ನಿಂತಿದೆ. ಎರಡೂ ಒಂದೇ ಆಗಿದ್ದರೆ ಜೊತೆಗೇ ಬೀಳಬೇಕಿತ್ತು. ನಾನು ಹೇಳಿದ ಮರೆಯುವ ಲೆಕ್ಕ ಇದೇ. 1.08ರಲ್ಲಿ ನಿಮಿಷಕ್ಕೆ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಉಳಿಯುತ್ತದೆ. 0.41 ಅಲ್ಲಿಗೇ ಬಂತು. ಹೊಸಬರೇ, ಏನೂ ಓಡುತ್ತಿಲ್ಲ, ಕಾಯಿರಿ.

ಕೆಡಿಇ_ಕಿಟ್ಟಿ · 10:41
"ಇಳಿಯಿತು" ಅಂತ ನೀವೇ ಒಪ್ಪಿಕೊಂಡಿರಿ. ನನಗೆ ಅಷ್ಟೇ ಬೇಕಿತ್ತು.

ಸುಮ್ನೆ_ಓದುವವಳು · 10:44
ಹೊಸಬರೇ, ಈ ಮಾಸ್ಕ್ ರೀಬೂಟ್ ಆದರೆ ಹೋಗುತ್ತದೆ. ಬೂಟ್ ಮಾಡಿಸುವ ಗ್ರಬ್‌ನ ಕರ್ನಲ್ ಸಾಲಿಗೆ ಎಸಿಪಿಐ_ಮಾಸ್ಕ್_ಜಿಪಿಇ=0ಎಕ್ಸ್6ಎಫ್ ಅಂತ ಸೇರಿಸಿ, ಅಪ್‌ಡೇಟ್-ಗ್ರಬ್ ಕೊಡಿ. ಅದಕ್ಕೂ ಮೊದಲು ಒಂದು ಪರೀಕ್ಷೆ. ಆ ಬಾಗಿಲನ್ನು ಪೂರ್ತಿ ಮುಚ್ಚಿದ್ದೇವೆ, ಅಲ್ಲಿಂದ ನಿಜವಾದ ಸುದ್ದಿಯೂ ಬರುತ್ತಿರಬಹುದು. ಮುಚ್ಚಳ ಮುಚ್ಚಿ ತೆರೆಯಿರಿ, ಚಾರ್ಜರ್ ತೆಗೆದು ಹಾಕಿ, ಬ್ರೈಟ್‌ನೆಸ್ ಕೀ ಒತ್ತಿ. ಕಂಪನಿ ಹೊಸ ಬಯೋಸ್ ಬಿಟ್ಟಿದೆಯಾ ಅಂತಲೂ ನೋಡಿ. ಅದು ಸಿಕ್ಕರೆ ಮಾಸ್ಕ್ ತೆಗೆದುಬಿಡಬಹುದು.

ಹೊಸಬ_ಶಿರಸಿ · 10:58
ಮೂರೂ ನೋಡಿದೆ, ಸರಿಯಾಗಿವೆ. ಗ್ರಬ್‌ಗೆ ಸೇರಿಸಿ ರೀಬೂಟ್ ಮಾಡಿದೆ. ಫ್ಯಾನ್ ನಿಂತೇ ಹೋಗಿದೆ. ಲೋಡ್ 0.06. ತುಂಬಾ ಥ್ಯಾಂಕ್ಸ್ ಮೇಡಂ. ಈಗಷ್ಟೇ ಅಮ್ಮ ಬಾಗಿಲಲ್ಲಿ ಇಣುಕಿ, ಮಿಷನ್ ಕೆಟ್ಟುಹೋಯಿತಾ ಅಂತ ಕೇಳಿದರು.

ಕೆಡಿಇ_ಕಿಟ್ಟಿ · 11:02
0.06 ಯಾಕೆ? ಏನೂ ತೆರೆದಿಲ್ಲ ಅಂದರೆ 0.00 ಇರಬೇಕಲ್ವಾ? ಆ 6% ಗ್ನೋಮ್‌ದೇ.

ಟರ್ಮಿನಲ್_ತಾತ · 11:03
6% ಅಲ್ಲಾ!