ಕಷ್ಟ ಬಂದ ಮೇಲೆ ದೇವರ ಕಡೆ ತಿರುಗಿದವರು ಇದ್ದೀರಾ?

ಕೇಳಿದವರು: ಅಪ್ಪನಿಗೆ ಡಯಾಲಿಸಿಸ್ ಶುರುವಾಗಿದೆ. ಕಾಲೇಜು ದಿನಗಳಿಂದ ನಾನು ಗುಡಿಯ ಹೊಸ್ತಿಲು ತುಳಿದವನಲ್ಲ. ಈಗ ಮಂತ್ರಾಲಯಕ್ಕೆ ಹರಕೆ ಹೊರೋಣ ಅನಿಸುತ್ತಿದೆ. ಇದು ಭಕ್ತಿಯಾ, ಭಯಾನಾ? ಅನುಭವ ಇದ್ದವರು ಹೇಳಿ.

ಸುಳ್ಯದ ಅಡಿಕೆ: ನಮ್ಮ ತೋಟಕ್ಕೆ ಹಳದಿ ಎಲೆ ರೋಗ ಬಂತು. ಮೊದಲು ಕೆಳಗಿನ ಎರಡು ಸಾಲು, ಆಮೇಲೆ ಇಡೀ ತೋಟ. ಬಸಿಗಾಲುವೆ ತೆಗೆಸಿದೆ, ಸುಣ್ಣ ಹಾಕಿದೆ, ಲಘು ಪೋಷಕಾಂಶ ಅಂತ ಚೀಲಗಟ್ಟಲೆ ಸುರಿದೆ. ಆಳಿನ ಸಂಬಳ ಬೇರೆ. ಸೊಸೈಟಿ ಸಾಲದ ಬಡ್ಡಿಗೆ ಹೆಂಡತಿಯ ಚಿನ್ನ ಹೋಯಿತು. ಕೊನೆಗೆ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದೆ. ಮರ ಒಂದೂ ಚೇತರಿಸಲಿಲ್ಲ. ಆದರೆ ನಿದ್ದೆ ಬಂತು. ಈಗ ಪ್ರತಿ ಷಷ್ಠಿಗೆ ಹೋಗುತ್ತೇನೆ.

ಬಾಗಲಕೋಟೆಯವ: ಮರ ಸತ್ತರೂ ಪೂಜೆಗೆ ದುಡ್ಡಾ? ಅದರಲ್ಲಿ ಬಾಳೆ ಹಚ್ಚಬಹುದಿತ್ತು. 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು, ಜೋಳದ ಚೀಲ ಎಲ್ಲಾ ಮೊಳಕೆ ಒಡೆದವು, ಎಮ್ಮೆ ತೇಲಿಹೋಯಿತು. ಪರಿಹಾರ ಕೇಂದ್ರದಲ್ಲಿ ಕುಂತು ಮತ್ತೆ ಇಷ್ಟಲಿಂಗ ಅಂಗೈಗೆ ತಗೊಂಡೆ. ಖರ್ಚು ಒಂದು ಉಂಡೆ ವಿಭೂತಿ.

ಸುಳ್ಯದ ಅಡಿಕೆ: ನನ್ನ ದುಡ್ಡು, ನನ್ನಿಷ್ಟ. ಬಾಳೆ ಹಾಕಿದರೆ ಮಂಗಗಳನ್ನು ನೀವು ಬಂದು ಕಾಯ್ತೀರಾ?

ಸುಮ್ನೆ ಓದುವವ: ಸಂಕಟ ಬಂದಾಗ ವೆಂಕಟರಮಣ. ಅಷ್ಟೇ.

ಮಂಡ್ಯ ಅಕ್ಕ: ಗಾದೆ ಹೇಳುವವರು ಡಯಾಲಿಸಿಸ್ ವಾರ್ಡಿನ ಹೊರಗೆ ಒಂದು ದಿನ ಕೂತು ನೋಡಿ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಅಂತಾರೆ. ರಕ್ತ ಏರಿಸುವ ಇಂಜೆಕ್ಷನ್, ಆಟೋ, ಸೂಜಿ ಚುಚ್ಚಲು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಮುಚ್ಚಿಕೊಂಡಾಗ ಮತ್ತೆ ಆಪರೇಷನ್, ಇದ್ಯಾವುದು ಪುಕ್ಕಟೆ? ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದೆ. ನಮ್ಮನೆಯವರು ಉಳಿಯಲಿಲ್ಲ. ಆಮೇಲೆ ಮಾದಪ್ಪನ ಫೋಟೋ ಗೋಡೆ ಕಡೆ ತಿರುಗಿಸಿಟ್ಟೆ. ಈಗ ಸೋಮವಾರ ದೀಪ ಹಚ್ಚುತ್ತೇನೆ, ಏನೂ ಕೇಳಲ್ಲ. ತಮ್ಮಾ, ಹರಕೆ ಹೊತ್ತುಕೋ. ಪ್ರಸಾದ ಅಂತ ಅಪ್ಪನಿಗೆ ಎಳನೀರು, ಬಾಳೆಹಣ್ಣು ಹಾಕಿದ ಪಂಚಾಮೃತ ಮಾತ್ರ ಕೊಡಬೇಡ. ಪೊಟ್ಯಾಶಿಯಂ ಏರುತ್ತೆ. ತೀರ್ಥವನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸು.

ಸುಮ್ನೆ ಓದುವವ: ಅಕ್ಕಾ, ಉಳಿಸದ ದೇವರಿಗೆ ದೀಪ ಯಾಕೆ ಅಂತ ಕೇಳಿದರೆ ಬೈತೀರಾ?

ಮಂಡ್ಯ ಅಕ್ಕ: ಬೈತೀನಿ.

ಬಾಗಲಕೋಟೆಯವ: ಅಕ್ಕನ ಮಾತು ಬಿಡ್ರಿ. ಅಡಿಕೆಯವರೇ, ಮಂಗ ನಮ್ಮ ಕಡೆಯೂ ಅದಾವು. ಎರಡು ದಿನದ ಸರ್ಪಸಂಸ್ಕಾರಕ್ಕೆ ಎಷ್ಟಾಯಿತು, ಅದನ್ನ ಯಾಕೆ ಬರೆದಿಲ್ಲ?

ಸುಳ್ಯದ ಅಡಿಕೆ: ನಿಮ್ಮ ಎಮ್ಮೆ ಪರಿಹಾರ ಎಷ್ಟು ಬಂತು, ಮೊದಲು ಹೇಳಿ.