ಪ್ರಕಾಶನ ಕೈಬದಲಾದರೆ ಲೇಖಕರ ಕರಾರು ಏನಾಗುತ್ತೆ? ಅನುಭವಸ್ಥರು ತಿಳಿಸಿ

ಪ್ರಶ್ನೆ (ತುಮಕೂರು): ಬೆಂಗಳೂರಿನ ಪ್ರಕಾಶನವೊಂದು ನನ್ನ ಎರಡು ಪುಸ್ತಕ ತಂದಿದೆ. ಕಥಾಸಂಕಲನಕ್ಕೆ 2016ರ ಕರಾರಿದೆ, ಶೇ. 10 ರಾಯಧನ, ಅವಧಿ ನಮೂದಿಸಿಲ್ಲ. ಪ್ರಬಂಧಗಳದ್ದು ಬರೀ ಬಾಯಿಮಾತು. ಈಗ ಪ್ರಕಾಶನ ಕೊಂಡವರು ಎರಡನ್ನೂ ಮರುಮುದ್ರಿಸಿ ಇ-ಬುಕ್ ಮಾಡ್ತೀವಿ ಅಂತಿದ್ದಾರೆ. ಹಳೇ ಬಾಕಿಯೂ ಇದೆ. ಏನು ಮಾಡಲಿ?

ತಿಪಟೂರಿನಿಂದ: ಮೇಡಂ, ಮಾರಾಟ ಆಗಿರೋದು ಏನು ಅಂತ ಮೊದಲು ಪತ್ತೆ ಮಾಡಿ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದು ಷೇರುಗಳಷ್ಟೇ ಕೈಬದಲಾಗಿದ್ದರೆ ನಿಮ್ಮ ಎದುರು ಪಕ್ಷ ಅದೇ ಕಂಪನಿ. ಕರಾರೂ ಬಾಕಿಯೂ ಹಾಗೇ ಮುಂದುವರಿಯುತ್ತವೆ. ಆದರೆ ನಮ್ಮ ಕನ್ನಡ ಪ್ರಕಾಶನಗಳಲ್ಲಿ ಬಹಳಷ್ಟು ಒಬ್ಬರ ಮಾಲೀಕತ್ವದವು. ಅಲ್ಲಿ ಮಾಲೀಕರೇ ಸಂಸ್ಥೆ. ಅವರು ಹೆಸರು, ದಾಸ್ತಾನು ಮಾರಬಹುದು, ಆದರೆ ನಿಮಗೆ ಹಣ ಕೊಡಬೇಕಾದ ಹೊಣೆಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋಕಾಗಲ್ಲ. ಹಳೇ ಬಾಕಿಗೆ ಹಳೇ ಮಾಲೀಕರನ್ನೇ ಹಿಡೀಬೇಕು. ಕಂಪನಿ ಹೌದೋ ಅಲ್ಲವೋ ಅನ್ನೋದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಜಾಲತಾಣದಲ್ಲಿ ಹೆಸರು ಹಾಕಿದರೆ ತಿಳಿಯುತ್ತೆ.

ಕೋಲಾರದಿಂದ: ನಿಮ್ಮ ಕರಾರಿನಲ್ಲಿ ಅವಧಿ ಇಲ್ಲದಿರೋದೇ ಮುಖ್ಯ. ಹಕ್ಕುಸ್ವಾಮ್ಯ ಕಾಯ್ದೆ 1957ರ ಕಲಂ 19(5)ರಂತೆ ಹಕ್ಕು ಹಸ್ತಾಂತರದ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಹಕ್ಕು ನಿಮ್ಮಲ್ಲೇ ಇಟ್ಟುಕೊಂಡು ಪ್ರಕಟಿಸೋ ಅನುಮತಿಯಷ್ಟೇ ಕೊಡೋ ಪರವಾನಗಿ ಕರಾರಿಗೂ ಕಲಂ 30ಎ ಮೂಲಕ ಇದೇ ಅನ್ವಯ. ಅಂದರೆ 2016ರದ್ದು 2021ಕ್ಕೇ ಮುಗಿದಿದೆ, ಕೊಂಡವರ ಕೈಗೆ ಮರುಮುದ್ರಣದ ಹಕ್ಕು ಬಂದೇ ಇಲ್ಲ. ಆದರೂ ಕರಾರನ್ನು ಸಾಲುಸಾಲಾಗಿ ಓದಿ: ‘ಹಕ್ಕುಸ್ವಾಮ್ಯದ ಪೂರ್ಣಾವಧಿಗೆ’ ಅಂತ ಎಲ್ಲಾದರೂ ಇದ್ದರೆ ಅದೇ ಅವಧಿ. ಅದು ನಿಮ್ಮ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ.

ಪ್ರಬಂಧಗಳ ಹಕ್ಕು ಪೂರ್ತಿ ನಿಮ್ಮದು, ಬರಹದಲ್ಲಿಲ್ಲದ ಹಸ್ತಾಂತರ ಊರ್ಜಿತವಲ್ಲ. ಅಚ್ಚಾಗಿರೋ ಪ್ರತಿಗಳನ್ನು ಅವರು ಮಾರಿಕೊಳ್ಳಲಿ, ರಾಯಧನ ಕೇಳಿ. ಕರಾರಿನಲ್ಲಿ ‘ಮುದ್ರಿಸಿ ಪ್ರಕಟಿಸಲು’ ಅಂತಷ್ಟೇ ಇದ್ದರೆ ಇ-ಬುಕ್ ಅದರೊಳಗೆ ಬರಲ್ಲ.

ಚಿಕ್ಕಬಳ್ಳಾಪುರದಿಂದ: ಬಹಳ ಜನ ಎಡವೋದು ಇಲ್ಲಿ: ಕೊಂಡವರು ಒಂದು ಚೆಕ್ ಕಳಿಸ್ತಾರೆ, ಜೊತೆಗೆ ವೋಚರ್. ಅದರ ಕೆಳಗೆ ‘ಪೂರ್ಣ ಮತ್ತು ಅಂತಿಮ ಪಾವತಿ’ ಅಂತ ಸಣ್ಣದಾಗಿರುತ್ತೆ. ಸಹಿ ಹಾಕಿದರೆ ಬಾಕಿ ಕೇಳೋ ದಾರಿ ಮುಚ್ಚಿತು, ಹೊಸಬರನ್ನು ಒಪ್ಪಿದ ಹಾಗೂ ಆಯ್ತು. ಆ ಸಾಲು ಹೊಡೆದುಹಾಕಿ, ‘ಇಂಥ ಅವಧಿಯ ಇಷ್ಟು ಪ್ರತಿಗಳ ರಾಯಧನ ಮಾತ್ರ’ ಅಂತ ಬರೆದು ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಬಿಲ್ ಬಗ್ಗೆಯೂ ಕೇಳಿ. ಪ್ರತಿ ಹೋಗಿರೋದು ಹಳಬರ ಕಾಲದಲ್ಲಿ, ಹಣ ಬರೋದು ತಡವಾಗಿ. ಇಬ್ಬರೂ ‘ನಮಗೆ ಬಂದಿಲ್ಲ’ ಅಂದುಬಿಡ್ತಾರೆ. ಅಚ್ಚಿಗೆ ಪುಟ ಜೋಡಿಸಿದ ಡಿಟಿಪಿಯ ಮೂಲ ಫೈಲ್ ಕೇಳಿ ಪಡೆಯಿರಿ. ಹಳೇ ನುಡಿ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ನೋಡಿ ಕರಡು ತಿದ್ದಲೇಬೇಕು. ಮುಖಪುಟದ ಚಿತ್ರದ ಹಕ್ಕು ಕಲಾವಿದರದ್ದಾಗಿರಬಹುದು, ಅವರನ್ನೂ ಕೇಳಬೇಕು. ಬೇರೆ ಪ್ರಕಾಶಕರಿಗೆ ಕೊಟ್ಟರೆ ಹೊಸ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕು.

ತಿಪಟೂರಿನಿಂದ ಮತ್ತೆ: ಫೋನಿನಲ್ಲಿ ‘ಆಯ್ತು’ ಅನ್ನಬೇಡಿ. ಹಳಬರಿಗೂ ಹೊಸಬರಿಗೂ ಒಂದೇ ಒಕ್ಕಣೆಯ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ ಪುರಾವೆ ಸಮೇತ ಕಳಿಸಿ. ಯಾವ ದಾಖಲೆ ಮೂಲಕ ನನ್ನ ಪುಸ್ತಕದ ಹಕ್ಕು ಬಂತು, ಮಾರಾಟದ ದಿನ ದಾಸ್ತಾನು ಎಷ್ಟು, ಅಲ್ಲಿವರೆಗಿನ ರಾಯಧನ ಯಾರು ಕೊಡ್ತಾರೆ ಅಂತ ಕೇಳಿ. ಲಿಖಿತ ಒಪ್ಪಿಗೆಯಿಲ್ಲದೆ ಮುದ್ರಣವಾಗಲಿ ಇ-ಬುಕ್ ಆಗಲಿ ಕೂಡದು ಅಂತಲೂ ಬರೆಯಿರಿ. ಉತ್ತರಕ್ಕೆ 15 ದಿನ ಸಾಕು. ರಾಯಧನದಲ್ಲಿ ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದಿದ್ದರೆ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿ ತೆಗೆದು ನೋಡಿ, ಯಾರು ಎಷ್ಟು ಕೊಟ್ಟರು ಅನ್ನೋದಕ್ಕೆ ಅದೇ ಗಟ್ಟಿ ಸಾಕ್ಷಿ.

ಅಷ್ಟಾಗಿಯೂ ಅಚ್ಚು ಹಾಕಿದರೆ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 62ರಂತೆ ನೀವಿರುವ ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಬರೀ ಬಾಕಿ ವಸೂಲಿಗೆ ಆ ಅನುಕೂಲ ಇಲ್ಲ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಗಡುವೂ ಇದೆ. ಗಡುವು ಮುಗಿಯೋ ಮೊದಲು ‘ಇಷ್ಟು ಬಾಕಿ ಇದೆ’ ಅಂತ ಹಳಬರಿಂದ ಸಹಿ ಹಾಕಿದ ಲೆಕ್ಕ ತಗೊಂಡರೆ ಸಹಿಯ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ.